ಹಳೆಯ ಮಸೂರಕ್ಕೆ ಹೊಸ ಕ್ಯಾಮೆರಾ

ಫಿಲ್ಮು ಹಾಕಿ ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾ ಅನೇಕ ಮನೆಗಳ ಕಪಾಟಿನಲ್ಲಿ ಇಂದಿಗೂ ಇರುವುದುಂಟು. ಫಿಲ್ಮು ಈಗ ದುಬಾರಿ. ಅದನ್ನು ತೊಳೆದುಕೊಡುವವರೂ ವಿರಳ. ಆದುದರಿಂದ ಅದನ್ನು ಹಳೆಯ ಸಾಮಾನಿನವನಿಗೆ ತೂಗಿ ಕೊಟ್ಟುಬಿಡುವ ಯೋಚನೆಯು ಗೃಹಸ್ಥರಿಗೆ ಬರುವುದು ಸಹಜವೇ. ಆದರೆ ಪೆಟ್ಟಿಗೆಯು ನಿರುಪಯೋಗಿಯಾದರೂ ಅದರ ಮುಂದಿರುವ ಮಸೂರವು, ಎಂದರೆ ಲೆನ್ಸು, ಹಾಗಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು.

ಇದರ ಕಾರಣವು ಸುಲಭವಾದುದು. ಪ್ರತಿಯೊಂದು ಮಸೂರವೂ ತನ್ನ ಬುಡದಿಂದ ಒಂದು ಗೊತ್ತಾದ ದೂರದಲ್ಲಿ ಬಿಂಬವನ್ನು ಮೂಡಿಸುವಂತೆ ರಚಿತವಾಗಿರುವುದು. 1959ರಲ್ಲಿ ಹೊರಬಂದ ನಿಕಾನ್ ಎಫ್ ಕ್ಯಾಮೆರಾದಲ್ಲಿ ಈ ದೂರವು 46.5 ಮಿಲಿಮೀಟರು. ಒಳಗೆ ಏಳುವ ಕನ್ನಡಿಗೆ ಅಷ್ಟು ಎಡೆ ಬೇಕಾಗಿದ್ದಿತು. 2008ರಲ್ಲಿ ಪ್ಯಾನಸಾನಿಕ್ ಜಿ1 ಬಂದ ಮೇಲೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಹಬ್ಬಿದುವು. ಸೋನಿ ಇ ಬಗೆಯಲ್ಲಿ ಈ ದೂರವು 18, ನಿಕಾನ್ ಜೆಡ್ ಬಗೆಯಲ್ಲಿ 16 ಮಿಲಿಮೀಟರು ಮಾತ್ರ. ಸೋನಿಗೆ ಹಳೆಯ ನಿಕಾನ್ ಮಸೂರವನ್ನು ಜೋಡಿಸಲು ಉಳಿದ 28.5 ಮಿಲಿಮೀಟರನ್ನು ತುಂಬುವ, ಗಾಜಿಲ್ಲದ ಒಂದು ಲೋಹದ ಕೊಳವೆ ಸಾಕು. ಇದಕ್ಕೆ ಅಡಾಪ್ಟರ್ ಎಂದು ಹೆಸರು.

ಕ್ಯಾನನ್ ಸಂಸ್ಥೆಯು 1987ರಲ್ಲಿ ತನ್ನ ಜೋಡಣೆಯನ್ನು ಬದಲಿಸಿ ಈ ದೂರವನ್ನು 44 ಮಿಲಿಮೀಟರಿಗೆ ಏರಿಸಿದಾಗ, 42 ಮಿಲಿಮೀಟರು ಬೇಡುವ ಅದರ ಎಫ್‌ಡಿ ಮಸೂರಗಳು ಅನಾಥವಾದುವು. ಎಡೆಯನ್ನು ತುಂಬಬಹುದೇ ಹೊರತು ಕಡಿಮೆ ಮಾಡಲು ಬರುವುದಿಲ್ಲವಷ್ಟೆ. ಮಿರರ್‌ಲೆಸ್ ಬಂದ ಬಳಿಕ ಅವುಗಳಿಗೂ ಆಶ್ರಯ ದೊರೆಯಿತು.

ಕೊಳವೆಯನ್ನು ಕೊಳ್ಳುವಾಗ ಮಸೂರದ ಜೋಡಣೆ, ಕ್ಯಾಮೆರಾದ ಜೋಡಣೆ ಎರಡರ ಹೆಸರನ್ನೂ ಹೇಳಿ ಕೇಳಬೇಕು. ಕೊಳವೆಯು ಕೂದಲೆಳೆಯಷ್ಟು ಉದ್ದವಾದರೂ ದೂರದ ಬೆಟ್ಟವು ಎಂದಿಗೂ ಸ್ಪಷ್ಟವಾಗದು. ಮಸೂರದ ಮೇಲೆ ಬೆಳಕಿನ ದ್ವಾರವನ್ನು ಕಿರಿದು ಮಾಡುವ ಬಳೆ ಇರುವುದೇ ಎಂದೂ ನೋಡಿಕೊಳ್ಳಿ. ಅದಿಲ್ಲದವಕ್ಕೆ ಬರಿಯ ಕೊಳವೆ ಸಾಲದು.

ಕ್ಯಾಮೆರಾಕ್ಕೆ ಈ ಮಸೂರದ ಗುರುತು ಸಿಗದು. ಆದುದರಿಂದ ಲೆನ್ಸಿಲ್ಲದೆಯೂ ಚಿತ್ರ ತೆಗೆಯಲು ಅನುಮತಿ ಕೊಡುವ ಏರ್ಪಾಡನ್ನು ಅದರ ಪಟ್ಟಿಯಲ್ಲಿ ಮೊದಲು ಹುಡುಕಿ ಇಡಬೇಕು. ಕೈನಡುಕವನ್ನು ತಡೆಯುವ ಸೌಕರ್ಯವು ಕ್ಯಾಮೆರಾದೊಳಗೇ ಇದ್ದರೆ ಮಸೂರದ ಸಂಗಮದೂರವನ್ನು, 50 ಎಂದೋ 135 ಎಂದೋ, ನಾವೇ ತಿಳಿಸಬೇಕು. ಬಳಿಕ ದ್ವಾರವನ್ನು ಪೂರ್ತಿ ತೆರೆದು, ಪರದೆಯ ಬಿಂಬವನ್ನು ಹಿಗ್ಗಿಸಿ, ಕಣ್ಣಿನ ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುವವರೆಗೆ ಬಳೆಯನ್ನು ತಿರುಗಿಸಿ, ದ್ವಾರವನ್ನು ಬೇಕಾದಷ್ಟು ಕಿರಿದು ಮಾಡಿ ಗುಂಡಿಯನ್ನೊತ್ತುವುದು. ಓಡುವ ಮಗುವಿಗೆ ಈ ಕ್ರಮವು ಹೊಂದದು. ಜಗಲಿಯಲ್ಲಿ ಹೂ ಕಟ್ಟುವ ಅಜ್ಜಿಗೆ ಚೆನ್ನಾಗಿ ಹೊಂದುವುದು.

ನಮ್ಮ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟೇ ಪರಮಶತ್ರು. ಒಂದು ಬದಿಯಿಂದ ಟಾರ್ಚು ಬಿಟ್ಟು ಇನ್ನೊಂದು ಬದಿಯಿಂದ ನೋಡಿದರೆ ಜೇಡನ ಬಲೆಯಂತಹ ಎಳೆಗಳು ಕಾಣುವುವು. ಅಲ್ಪವಾಗಿದ್ದರೆ ಚಿತ್ರಕ್ಕೆ ಹೆಚ್ಚು ಬಾಧಕವಿಲ್ಲ. ಬೆಳೆಯಗೊಟ್ಟರೆ ಗಾಜಿನ ಲೇಪವನ್ನೇ ತಿನ್ನುವುದು. ತೇವವನ್ನು ಹಿಡಿದಿಡುವ ಚರ್ಮದ ಚೀಲದಿಂದ ಇಂದೇ ಅದನ್ನು ಹೊರತೆಗೆದು, ಸಿಲಿಕಾ ಜೆಲ್ ಪೊಟ್ಟಣವಿಟ್ಟ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.

ಹಳೆಯ ಮಸೂರಕ್ಕಾಗಿ ಹೊಸ ಕ್ಯಾಮೆರಾವನ್ನು ಸಾಲಮಾಡಿ ಕೊಳ್ಳಿರೆಂದು ನಾವು ಹೇಳುವುದಿಲ್ಲ. ಕ್ಯಾಮೆರಾ ಮನೆಯಲ್ಲಿ ಆಗಲೇ ಇದ್ದರೆ ಒಂದು ಕೊಳವೆಯ ವೆಚ್ಚ ಮಾತ್ರ. ಇಲ್ಲದಿದ್ದರೂ ಮಸೂರವನ್ನು ಒಣಗಿದ ಸ್ಥಳದಲ್ಲಿ ಕಾಪಾಡಿ. ಹಿರಿಯರು ಹಣ ಕೂಡಿಸಿ ತಂದ ವಸ್ತುವು ಕಿರಿಯರ ಕೈಯಲ್ಲಿ ಮತ್ತೆ ಕೆಲಸಕ್ಕೆ ಬರುವ ಯೋಗವು ಎಲ್ಲ ಸಾಮಾನಿಗೂ ಒದಗುವಂತಹುದಲ್ಲ.