ಪತ್ತೇದಾರರು ಹಿಡಿಯದ ಕಳ್ಳ

ಪತ್ತೇದಾರಿ ಕತೆ ಓದಿದ ಮಕ್ಕಳು ಕೆಟ್ಟುಹೋಗುತ್ತಾರೆಂದು ಹಿರಿಯರು ಗೊಣಗುವುದು ಹಳೆಯ ರೂಢಿ. ಆ ಗೊಣಗಾಟದಲ್ಲಿ ನಮಗೆ ಪಾಲು ಬೇಡ. ಮಕ್ಕಳು ಓದಲಿ, ಊಟದ ಕರೆ ಕಿವಿಗೆ ಬೀಳದಷ್ಟು ಓದಲಿ. ನಮ್ಮ ತಕರಾರು ಕತೆಯ ಮೇಲಲ್ಲ, ಕತೆಯ ಕಾರಖಾನೆಯ ಮೇಲೆ.

ಹೌದು, ಕಾರಖಾನೆಯೇ. ಅಮೆರಿಕದ ಹಾರ್ಡಿ ಸೋದರರು, ನ್ಯಾನ್ಸಿ ಡ್ರೂ ಎಂಬ ಎಳೆಯ ಪತ್ತೇದಾರರನ್ನು ನಮ್ಮಲ್ಲಿಯೂ ಇಂಗ್ಲಿಷ್ ಓದುವ ಮಕ್ಕಳು ಬಲ್ಲರು. ಒಂದು ಮಾಲೆಯ ರಕ್ಷಾಪುಟದ ಮೇಲೆ ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಎಂಬ ಹೆಸರು, ಇನ್ನೊಂದರ ಮೇಲೆ ಕ್ಯಾರೊಲಿನ್ ಕೀನ್. ಇವರಿಬ್ಬರೂ ಹುಟ್ಟಿಯೇ ಇಲ್ಲ! ಎಡ್ವರ್ಡ್ ಸ್ಟ್ರಾಟೆಮೆಯರ್ ಎಂಬ ಮಾಲಿಕನ ಸಿಂಡಿಕೇಟು ಒತ್ತಿದ ಮುದ್ರೆಗಳವು, ಬೀಡಿ ಕಟ್ಟಿನ ಮೇಲಿನ ಛಾಪಿನ ಹಾಗೆ.

ಮಾಲಿಕನು ಕೆಲವೇ ಪುಟಗಳ ಕಥಾಸಾರ ಮಾಡಿ ಅಂಚೆಗೆ ಹಾಕುವನು. ದೂರದಲ್ಲೆಲ್ಲೋ ಇರುವ ಬರಹಗಾರ ಅದನ್ನು ಇನ್ನೂರು ಪುಟಕ್ಕೆ ಬೆಳೆಸಿ ಕಳಿಸಬೇಕು. ಮಗ್ಗದವನಿಗೆ ಗಜಕ್ಕಿಷ್ಟು ಎಂಬಂತೆ ಇವನಿಗೆ ಪುಸ್ತಕಕ್ಕಿಷ್ಟು ಕೂಲಿ. ಹಾರ್ಡಿ ಸೋದರರ ಮೊದಲ ಮೂರು ಪುಸ್ತಕಗಳು 1927ರಲ್ಲಿ ಪೇಟೆಗೆ ಬಂದವು. (ಅವುಗಳಲ್ಲೊಂದು ಹಳೆಯ ಗಿರಣಿಯ ರಹಸ್ಯದ ಕತೆ. ಗಿರಣಿಯೇನೋ ಇದೆ, ಒಳಗೆ ತಯಾರಾಗುವುದು ಖೋಟಾ ನೋಟು!) ಅವನ್ನು ಬರೆದಾತ ಕೆನಡಾದ ಪತ್ರಕರ್ತ ಲೆಸ್ಲಿ ಮ್ಯಾಕ್‌ಫರ್ಲೇನ್. 1930ರಲ್ಲಿ ಆರಂಭವಾದ ನ್ಯಾನ್ಸಿ ಮಾಲೆಯ ಮೊದಲ 30 ಪುಸ್ತಕಗಳಲ್ಲಿ 23ನ್ನು ಬರೆದಾಕೆ ಮಿಲ್ಡ್ರೆಡ್ ವರ್ಟ್ ಬೆನ್ಸನ್.

ಇವರಿಗೆ ದೊರೆತದ್ದು ಪುಸ್ತಕಕ್ಕೆ 125 ಡಾಲರು, ಒಂದೇ ಸಲಕ್ಕೆ. ಪುಸ್ತಕದ ಮಾರಾಟದ ಬೆಲೆ ಅರ್ಧ ಡಾಲರು. ವರ್ತಕ ಬಂಧುಗಳೇ ಲೆಕ್ಕ ಹಾಕಲಿ: ಇದು 250 ಪ್ರತಿಗಳ ಬೆಲೆ. ಮಾಲೆಗಳು ಖರ್ಚಾದದ್ದೋ ಕೋಟಿಗಟ್ಟಲೆ. ಕಾಗದ, ಅಚ್ಚು, ಅಂಗಡಿಯವನ ಕಮಿಷನ್ ಎಲ್ಲವನ್ನೂ ಕಳೆಯಿರಿ. ಉಳಿದ ಗಂಟಿನಲ್ಲಿ ಬರೆದವರಿಗೆ ಬಿಡಿಗಾಸೂ ಇಲ್ಲ. ಗೌರವಧನವಿಲ್ಲ, ಹಕ್ಕಿಲ್ಲ. ‘ಇದನ್ನು ನಾನು ಬರೆದೆ’ ಎನ್ನಲೂ ಕರಾರಿನಲ್ಲಿ ಅವಕಾಶವಿಲ್ಲ.

ನ್ಯಾನ್ಸಿಯ ಮೊದಲ ಕತೆಯೇ ಏನು? ಸತ್ತವನ ಆಸ್ತಿ ಸಿರಿವಂತ ಕುಟುಂಬವೊಂದರ ಪಾಲಾಗುತ್ತದೆ. ಹಳೆಯ ಗಡಿಯಾರದ ಸುಳಿವು ಹಿಡಿದು ನ್ಯಾನ್ಸಿ ಇನ್ನೊಂದು ಮರಣಶಾಸನವನ್ನು ಹುಡುಕಿ ತೆಗೆದು, ಬಡ ಬಂಧುಗಳಿಗೆ ನ್ಯಾಯ ದೊರಕಿಸುತ್ತಾಳೆ. ಕತೆಯಲ್ಲಿ ಒಂದು ಕಾಗದ ಬಡವರ ಪಾಲನ್ನು ಮರಳಿಸಿತು. ಅದನ್ನು ಬರೆದಾಕೆಯ ಪಾಲನ್ನು ಇನ್ನೊಂದು ಕಾಗದ ಕಸಿದುಕೊಂಡಿತು!

ಕಥಾಸಾರ ನಮ್ಮದು, ನಷ್ಟದ ಭಯ ನಮ್ಮದು, ಅವರು ಒಪ್ಪಿಯೇ ರುಜು ಹಾಕಿದರಲ್ಲ ಎಂಬುದು ಮಾಲಿಕರ ವಾದ. ಆ ಕಾಲಕ್ಕೆ 125 ಡಾಲರು ಚಿಲ್ಲರೆ ಹಣವಲ್ಲವೆಂಬುದೂ ನಿಜವೇ. ಆದರೆ ಕೂಲಿ ನ್ಯಾಯವಾದುದಾದರೆ ಹೆಸರನ್ನು ಬಚ್ಚಿಡುವುದೇಕೆ? ಉತ್ತರ ಮುಗ್ಗಟ್ಟಿನ ದಿನಗಳಲ್ಲಿ ದೊರೆಯಿತು. 1930ರಲ್ಲಿ ತಂದೆ ತೀರಿಕೊಂಡು ಹೆಣ್ಣುಮಕ್ಕಳು ಯಜಮಾನಿಕೆಗೆ ಬಂದಿದ್ದರು. ನ್ಯಾನ್ಸಿ ಚೆನ್ನಾಗಿಯೇ ಮಾರಾಟವಾಗುತ್ತಿದ್ದರೂ ಕೂಲಿಗೆ ಕತ್ತರಿ ಬಿತ್ತು. ಬೆನ್ಸನ್ ಲೇಖನಿ ಕೆಳಗಿಟ್ಟಳು. ಏನಾಯಿತು? ಮುಂದಿನ ಮೂರು ಪುಸ್ತಕಗಳನ್ನು ವಾಲ್ಟರ್ ಕ್ಯಾರಿಗ್ ಎಂಬಾತ ಬರೆದುಕೊಟ್ಟ. ರಕ್ಷಾಪುಟದ ಮೇಲೆ ಅದೇ ಕ್ಯಾರೊಲಿನ್ ಕೀನ್! ಓದುವ ಮಕ್ಕಳಿಗೆ ಸುಳಿವೇ ಹತ್ತಲಿಲ್ಲ. ಹೆಸರಿಲ್ಲದ ಆಳನ್ನು ಬದಲಿಸುವುದು ಎಷ್ಟು ಸುಲಭವೆಂದು ಬದಲಿಗಳ ಪಟ್ಟಿ ನೋಡಿದ ಗಿರಣಿಯ ಗೆಳೆಯರಿಗೆ ನಾವು ವಿವರಿಸಬೇಕಿಲ್ಲ. ಬೆನ್ಸನ್ ಒಬ್ಬಳೇ ಮುಷ್ಕರ ಹೂಡಿದಳು. ಜೊತೆಗೆ ನಿಲ್ಲಲು ಸಂಘವಿರಲಿಲ್ಲ. ಕೆನಡಾದಲ್ಲೊಬ್ಬ, ಓಹಿಯೋದಲ್ಲೊಬ್ಬಳು, ನಡುವೆ ಅಂಚೆಯವನು. ಕೆಲಕಾಲದ ಮೇಲೆ ಆಕೆ ಅದೇ ಕೆಲಸಕ್ಕೆ ಮರಳಿದಳು.

ಮ್ಯಾಕ್‌ಫರ್ಲೇನ್ 1976ರಲ್ಲಿ ತನ್ನ ನೆನಪುಗಳನ್ನು ಅಚ್ಚುಹಾಕಿಸಿ, ಮರುವರ್ಷ ತೀರಿಕೊಂಡ. ಬೆನ್ಸನ್‌ಳ ಪಾತ್ರ ಜಗತ್ತಿಗೆ ತಿಳಿದದ್ದು 1980ರಲ್ಲಿ, ಅದೂ ಪ್ರಕಾಶಕರು ಪ್ರಕಾಶಕರೇ ಲಾಭಕ್ಕಾಗಿ ಕಚ್ಚಾಡಿ ನ್ಯೂಯಾರ್ಕಿನ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ. ಆಕೆಯನ್ನು ಸಾಕ್ಷಿಯಾಗಿ ಕರೆಸಿದರು. ಕಳ್ಳರ ಜಗಳದಲ್ಲಿ ಕಳವಿನ ಮಾಲು ಹೊರಬಿತ್ತೆಂಬ ಗಾದೆ ಇಲ್ಲಿ ತುಸು ಒರಟಾದೀತು, ಇರಲಿ.

ಬೆನ್ಸನ್ 2002ರಲ್ಲಿ ತನ್ನ 96ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕೊನೆಯವರೆಗೂ ಓಹಿಯೋದ ಟೊಲಿಡೊ ನಗರದ ಪತ್ರಿಕೆಗೆ ಅಂಕಣ ಬರೆಯುತ್ತಲೇ ಇದ್ದಳು, ಅಲ್ಲಿ ಮಾತ್ರ ಸ್ವಂತ ಹೆಸರಿನಲ್ಲಿ. ನ್ಯಾನ್ಸಿಯ ಪುಸ್ತಕಗಳು ಇಂದಿಗೂ ಹೊಸ ಹೊಸದಾಗಿ ಅಚ್ಚಾಗುತ್ತಿವೆ. ಬರೆದವರು ಕ್ಯಾರೊಲಿನ್ ಕೀನ್ ಎಂದೇ ಇದೆ.