ತಿಕ್ಕಿ ತೊಳೆಯಬಾರದ ಬೆಳ್ಳಿ



ಹಬ್ಬ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಬೆಳ್ಳಿ ಸಾಮಾನು ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಮದುವೆಯಲ್ಲಿ ಬಂದ ಲೋಟ, ಮಗುವಿನ ಜ್ಞಾನಸ್ನಾನಕ್ಕೆ ಅಜ್ಜಿ ಕೊಟ್ಟ ಬಟ್ಟಲು, ಒಂದು ಹಳೆಯ ಜಪಸರ. ವರ್ಷವಿಡೀ ಕತ್ತಲಲ್ಲಿದ್ದು ಕಪ್ಪಿಟ್ಟ ಇವುಗಳನ್ನು ಹಲ್ಲುಪುಡಿ ಹಾಕಿ ತಿಕ್ಕಿದರೇನೇ ತಾಯಂದಿರಿಗೆ ಸಮಾಧಾನ. ದೇವಾಲಯದಲ್ಲೂ ಇದೇ ಕಥೆ. ಪಾಸ್ಖ ಹಬ್ಬಕ್ಕೆ ಮುಂಚೆ ಪೂಜಾಪಾತ್ರೆ, ಧೂಪಪಾತ್ರೆಗಳನ್ನು ಬೆಳಗಲು ಒಂದು ದಿನ ಮೀಸಲು. ಕಪ್ಪು ಎಂದರೆ ಕೊಳೆ, ಬಿಳುಪು ಎಂದರೆ ಬೆಳ್ಳಿ. ಇದರಲ್ಲಿ ನಮಗೆ ಯಾರಿಗೂ ಸಂಶಯವಿಲ್ಲ.

ಆದರೆ ರಷ್ಯಾ ದೇಶದ ಒಂದು ಬಗೆಯ ಹಳೆಯ ಬೆಳ್ಳಿಯನ್ನು ಹೀಗೆ ಶ್ರದ್ಧೆಯಿಂದ ತಿಕ್ಕಿದವರು ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು. ಅಲ್ಲಿ ಕಪ್ಪೇ ಚಿತ್ರ. ರಷ್ಯನ್ನರು ಅದನ್ನು 'ಚೆರ್ನ್' ಎನ್ನುತ್ತಾರೆ. ಕಪ್ಪು ಎಂದಷ್ಟೇ ಅರ್ಥ. ಯೂರೋಪಿನ ಉಳಿದ ಕಡೆ ಇದರ ಹೆಸರು ನಿಯೆಲ್ಲೊ, ಅದೂ ಕಪ್ಪು ಎನ್ನುವ ಲತೀನ್ ಮಾತಿನಿಂದಲೇ ಬಂದದ್ದು.

ಬೆಳ್ಳಿ ಕಪ್ಪಾಗುವುದೇಕೆ ಎಂದು ಶಾಲೆಯ ಮಕ್ಕಳಿಗೆ ಗೊತ್ತು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಕೂಡಿ ಮೇಲೆ ಒಂದು ಕಪ್ಪು ಪೊರೆ ಕಟ್ಟುತ್ತದೆ. ಬೆಳ್ಳಿಗೆ ಶತ್ರುವಾದ ಇದೇ ಗಂಧಕವನ್ನು ಕಸುಬುದಾರ ಬೇಕೆಂದೇ ಮೂಸೆಗೆ ಹಾಕುತ್ತಾನೆ. ಸ್ವಲ್ಪ ಬೆಳ್ಳಿ, ತಾಮ್ರ, ಸೀಸ ಮೂರನ್ನೂ ಕರಗಿಸಿ ಗಂಧಕ ಬೆರೆಸಿದರೆ, ತಣ್ಣಗಾದ ಮೇಲೆ ಸುತ್ತಿಗೆಯ ಏಟಿಗೆ ಗಾಜಿನಂತೆ ಒಡೆಯುವ ಕಪ್ಪು ಗಟ್ಟಿ ಸಿಗುತ್ತದೆ. ಅದನ್ನು ಕುಟ್ಟಿ ಅರೆದು ಪುಡಿ ಮಾಡುತ್ತಾರೆ. ಅತ್ತ ಬೆಳ್ಳಿಯ ಡಬ್ಬಿ ಅಥವಾ ಬಟ್ಟಲಿನ ಮೇಲೆ ಉಕ್ಕಿನ ಸಣ್ಣ ಉಳಿಯಿಂದ ಚಿತ್ರ ಕೊರೆದು ಸಿದ್ಧವಾಗಿರುತ್ತದೆ. ಬಿಳಿಗಾರದ ನೀರಿನಲ್ಲಿ ಕಲಸಿದ ಪುಡಿಯನ್ನು ಆ ಗೆರೆಗಳಿಗೆ ತುಂಬಿ, ಒಣಗಿಸಿ, ಕುಲುಮೆಗೆ ಇಡುತ್ತಾರೆ. ಪುಡಿ ಕರಗಿ ಗೆರೆಯ ಮೂಲೆಮೂಲೆಗೂ ಹರಿಯಬೇಕು. ಇಲ್ಲೇ ಕೈಚಳಕ ಬೇಕಾಗುವುದು. ಕಾವು ಕಡಿಮೆಯಾದರೆ ಕಪ್ಪು ಹಿಡಿಯುವುದಿಲ್ಲ, ಹೆಚ್ಚಾದರೆ ಅದರಲ್ಲಿರುವ ಸೀಸ ಬೆಳ್ಳಿಯನ್ನೇ ತಿಂದು ಗುಳಿ ಬೀಳಿಸುತ್ತದೆ. ವಾರಗಟ್ಟಲೆ ಕೊರೆದ ಚಿತ್ರ ಹಾಳು. ಕುಲುಮೆಯಿಂದ ಹೊರಬಂದಾಗ ಪಾತ್ರೆ ನೋಡಲು ಸೀದ ರೊಟ್ಟಿಯಂತಿರುತ್ತದೆ. ಮೇಲೆ ಉಕ್ಕಿ ನಿಂತ ಕಪ್ಪನ್ನು ಅರದಿಂದ ಉಜ್ಜಿ, ಇದ್ದಿಲಿನಿಂದ ನಯ ಮಾಡುತ್ತಾ ಬಂದ ಹಾಗೆ ಬಿಳಿ ಬೆಳ್ಳಿಯ ನಡುವೆ ಚಿತ್ರ ಮೆಲ್ಲನೆ ಕಾಣಿಸಿಕೊಳ್ಳುತ್ತದೆ.

ಜಹೀರಾಬಾದ್ ಕಡೆಯ ನಮಗೆ ಬೀದರ್ ದೂರವಲ್ಲ. ಬಿದ್ರಿ ಕೆಲಸವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಹಾಗಾಗಿ ಒಂದು ಮಾತು: ಬಿದ್ರಿಯಲ್ಲಿ ಸತುವಿನ ಪಾತ್ರೆಗೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಪಾತ್ರೆಯನ್ನು ಕಪ್ಪು ಮಾಡುತ್ತಾರೆ. ರಷ್ಯಾದ್ದು ಅದರ ತಿರುಗುಮುರುಗು, ಪಾತ್ರೆ ಬೆಳ್ಳಿಯದು, ಗೆರೆ ಕಪ್ಪು. ಎರಡಕ್ಕೂ ಸಂಬಂಧವೇನೂ ಇಲ್ಲ. ಬಿದ್ರಿ ಕಂಡವರಿಗೆ ಇದು ಸುಲಭವಾಗಿ ಕಣ್ಣಿಗೆ ಕಟ್ಟಲಿ ಎಂದು ಹೇಳಿದೆ, ಅಷ್ಟೇ.

ಈ ಕೆಲಸ ರಷ್ಯಾದಲ್ಲೇ ಹುಟ್ಟಿದ್ದಲ್ಲ. ರೋಮನರಿಗೂ ಇದು ಗೊತ್ತಿತ್ತು. ನನ್ನಂಥವನಿಗೆ ಹೆಚ್ಚು ಸಂತೋಷ ಕೊಡುವ ಸಾಕ್ಷಿ 12ನೇ ಶತಮಾನದ ಒಬ್ಬ ಸನ್ಯಾಸಿ ಗುರುವಿನದು. ಥಿಯೊಫಿಲಸ್ ಎಂಬ ಹೆಸರಿನಲ್ಲಿ ಆತ ಲತೀನ್ ಭಾಷೆಯಲ್ಲಿ ಕಸುಬುಗಳ ಕುರಿತು ಒಂದು ಗ್ರಂಥ ಬರೆದ. ಬಣ್ಣ, ಗಾಜು, ಲೋಹ ಎಲ್ಲವೂ ಅದರಲ್ಲಿದೆ. ನಿಯೆಲ್ಲೊ ಅರೆಯುವ ಕ್ರಮವನ್ನೂ ಅಡುಗೆ ಹೇಳಿಕೊಟ್ಟಂತೆ ವಿವರಿಸಿದ್ದಾನೆ. ಪೂಜಾಪಾತ್ರೆ ಮಾಡುವವನಿಗೆ ತಿಳಿದಿರಲಿ ಎಂದೇ ಆ ಶ್ರಮ. ಮುನ್ನುಡಿಯಲ್ಲಿ ಆತ ಈ ಕಲೆಗೆ ಹೆಸರಾದ ನಾಡು ರಷ್ಯಾ ಎಂಬಂತೆ ಹೇಳುತ್ತಾನೆ. ಕೆಲವು ಹಸ್ತಪ್ರತಿಗಳಲ್ಲಿ ಮಾತ್ರ ಒಂದಕ್ಷರ ಬೇರೆಯಾಗಿ ಅದು ಇಟಲಿಯ ಟಸ್ಕನಿಯಾಗಿದೆ! ಪಂಡಿತರು ಬಹಳ ಕಾಲ ಇದರ ಮೇಲೆ ಚರ್ಚಿಸಿದ್ದಾರೆ. ಆ ಕಾಲದ ಕೀವ್ ರಾಜ್ಯದ ಕಪ್ಪು ಚಿತ್ರದ ಬೆಳ್ಳಿ ಬಳೆಗಳು ನೆಲದಡಿಯ ನಿಧಿಗಳಲ್ಲಿ ಸಿಕ್ಕಿರುವುದನ್ನು ನೋಡಿದರೆ ರಷ್ಯಾ ಎಂದು ಓದುವುದೇ ಸರಿ ಎಂದು ನನಗನ್ನಿಸುತ್ತದೆ. 1240ರಲ್ಲಿ ಮಂಗೋಲರು ಕೀವ್ ನಗರವನ್ನು ಸುಟ್ಟರು. ಆ ನಿಧಿಗಳಲ್ಲಿ ಅನೇಕವು ಆ ದಿನಗಳ ಭಯದಲ್ಲಿ ಹೂತಿಟ್ಟವು.

ಮುಂದೆ ಮಾಸ್ಕೋ ಅರಸರ ಕಾಲದಲ್ಲಿ ಕಲೆ ಮತ್ತೆ ತಲೆಯೆತ್ತಿತು. 1561ರಲ್ಲಿ ಇವಾನ್ ದೊರೆ ತನ್ನ ವಧು ಮರಿಯಾಳಿಗೆ ಕೊಟ್ಟ ಚಿನ್ನದ ತಟ್ಟೆ, 1598ರಲ್ಲಿ ರಾಣಿ ಇರೀನಾ ತೀರಿಹೋದ ಪತಿಯ ನೆನಪಿಗಾಗಿ ದೇವಾಲಯಕ್ಕೆ ಅರ್ಪಿಸಿದ ಚಿನ್ನದ ಧೂಪಪಾತ್ರೆ, ಎರಡೂ ಕ್ರೆಮ್ಲಿನ್ ವಸ್ತುಸಂಗ್ರಹಾಲಯದಲ್ಲಿವೆ. ಧೂಪಪಾತ್ರೆಯ ಆಕಾರವೇ ಒಂದು ಪುಟ್ಟ ಗುಡಿಯದು. ಅದರ ಗೋಡೆಗಳ ಮೇಲೆ ಸಂತರು ಕಪ್ಪು ಗೆರೆಗಳಲ್ಲಿ ನಿಂತಿದ್ದಾರೆ.

ಜನಸಾಮಾನ್ಯರ ಕೈಗೆ ಈ ಕಲೆಯನ್ನು ತಂದದ್ದು ಮಾತ್ರ ಉತ್ತರದ ವೆಲಿಕಿ ಉಸ್ತ್ಯುಗ್ ಎಂಬ ಸಣ್ಣ ಊರು. ಸುಖೋನಾ ಮತ್ತು ಯೂಗ್ ನದಿಗಳು ಕೂಡುವ ಜಾಗ. ಸೈಬೀರಿಯಾಕ್ಕೂ ಬಿಳಿ ಸಮುದ್ರದ ಬಂದರಿಗೂ ಹೋಗುವ ವರ್ತಕರು ಅಲ್ಲಿ ಇಳಿಯುತ್ತಿದ್ದರು. 18ನೇ ಶತಮಾನದಲ್ಲಿ ಅಲ್ಲಿನ ಅಕ್ಕಸಾಲಿಗರು ನಶ್ಯದ ಡಬ್ಬಿ, ಸಣ್ಣ ಬಟ್ಟಲು, ಚಮಚಗಳ ಮೇಲೆ ತಮ್ಮ ಊರಿನ ನೋಟ, ಬೇಟೆಯ ದೃಶ್ಯ, ಭೂಪಟಗಳನ್ನೂ ಕೊರೆದರು. ಜೇಬಿನಲ್ಲಿ ಇಟ್ಟುಕೊಳ್ಳುವ ಡಬ್ಬಿಯ ಮುಚ್ಚಳದ ಮೇಲೆ ಭೂಪಟ! ಅವರ ಕಪ್ಪು ಒಂದೇ ಕಪ್ಪಲ್ಲ, ಬೂದಿಬಣ್ಣದಿಂದ ಮಖಮಲ್ಲಿನ ಕಪ್ಪಿನವರೆಗೆ ಛಾಯೆಗಳುಂಟು.

ಅದರ ಗುಟ್ಟು ಬೆರಕೆಯ ಅಳತೆಯಲ್ಲಿತ್ತು. ಅಳತೆಯನ್ನು ಯಾರೂ ಹೊರಗೆ ಹೇಳುತ್ತಿರಲಿಲ್ಲ. ಹೊಟ್ಟೆಪಾಡಿನ ಗುಟ್ಟನ್ನು ಬಚ್ಚಿಟ್ಟರೆ ತಪ್ಪೆನ್ನಲಾರೆ, ನಮ್ಮ ಊರ ಪತ್ತಾರರೂ ಹೇಳುವುದಿಲ್ಲ. ಆದರೆ ಬೇಡಿಕೆ ಕುಸಿದು, ಮಕ್ಕಳು ಬೇರೆ ಕೆಲಸ ಹಿಡಿದು, 20ನೇ ಶತಮಾನದ ಆರಂಭಕ್ಕೆ ಇಡೀ ಊರಿನ ವಿದ್ಯೆ ಮಿಖಾಯಿಲ್ ಚಿರ್ಕೋವ್ ಎಂಬ ಒಬ್ಬನೇ ಕಸುಬುದಾರನ ಕೈಯಲ್ಲಿ ಬಂದು ನಿಂತಿತು.

ಅದೇ ಹೊತ್ತಿಗೆ ದೇಶದಲ್ಲಿ ಬೆಳ್ಳಿಗೇ ಸಂಕಟ ಬಂತು. ಬರಗಾಲದ ಕಾರಣ ಮುಂದಿಟ್ಟು 1922ರ ಫೆಬ್ರವರಿಯಲ್ಲಿ ಸೋವಿಯತ್ ಸರಕಾರ ದೇವಾಲಯಗಳ ಬೆಲೆಬಾಳುವ ವಸ್ತುಗಳನ್ನು ವಶಪಡಿಸಿಕೊಳ್ಳಲು ಆಜ್ಞೆ ಹೊರಡಿಸಿತು. ನೂರಾರು ಟನ್ ಬೆಳ್ಳಿ ಹೋಯಿತು. ಬಹಳಷ್ಟನ್ನು ಕರಗಿಸಿದರು, ತಕ್ಕಡಿಗೆ ಚಿತ್ರದ ಲೆಕ್ಕವೆಲ್ಲಿ? ಆಜ್ಞೆಯನ್ನು ವಿರೋಧಿಸಿದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ ಕಥೋಲಿಕ ಮಹಾಧರ್ಮಾಧ್ಯಕ್ಷ ಯಾನ್ ಚೆಪ್ಲಾಕ್ ಮತ್ತು ಅವರ ಗುರುಗಳನ್ನು 1923ರಲ್ಲಿ ಮಾಸ್ಕೋದಲ್ಲಿ ವಿಚಾರಣೆಗೆ ನಿಲ್ಲಿಸಿದರು. ಮೊನ್ಸಿಂಜೊರ್ ಬುಡ್ಕೆವಿಚ್ ಅವರನ್ನು ಪಾಸ್ಖದ ಹಿಂದಿನ ರಾತ್ರಿ ಗುಂಡಿಕ್ಕಿ ಕೊಂದರು.

ಚಿರ್ಕೋವ್ ಬಾಯಿ ಬಿಟ್ಟದ್ದು ಇಳಿವಯಸ್ಸಿನಲ್ಲಿ. ಕಲಿತವರಲ್ಲಿ ಮುಖ್ಯಳು ಮರಿಯಾ ಉಗ್ಲೋವ್ಸ್ಕಯಾ ಎಂಬ ಹೆಣ್ಣುಮಗಳು. 1933ರಲ್ಲಿ ಊರಿನಲ್ಲಿ 'ಉತ್ತರದ ಕಪ್ಪು' ಎಂಬ ಅರ್ಥದ ಹೆಸರಿನ ಕುಶಲಕರ್ಮಿಗಳ ಸಂಘ ಹುಟ್ಟಿತು. ಎವ್‌ಸ್ತಾಫಿ ಶಿಲ್ನಿಕೋವ್ಸ್ಕಿ ಎಂಬ ಚಿತ್ರಕಾರ ನಕಾಶೆ ಬರೆದುಕೊಟ್ಟ. 1937ರ ಪ್ಯಾರಿಸ್ ಪ್ರದರ್ಶನಕ್ಕೆ ಅವರ ಬೆಳ್ಳಿ ಹೋಯಿತು. ಚಿರ್ಕೋವ್ ಇನ್ನು ಕೆಲವು ವರ್ಷ ಸುಮ್ಮನಿದ್ದಿದ್ದರೆ ಆ ಊರಿನ ಬೆರಕೆಯ ಅಳತೆ ಆತನ ಜೊತೆಗೇ ಮಣ್ಣಾಗುತ್ತಿತ್ತು.

ವಿದೇಶದಲ್ಲಿ ದುಡಿಯುವ ನಮ್ಮ ಮಕ್ಕಳು ಹಳೆಯ ಸಾಮಾನಿನ ಅಂಗಡಿಯಲ್ಲಿ ಇಂಥ ಚಮಚವನ್ನೋ ಚಹಾ ಗ್ಲಾಸಿನ ಹಿಡಿಕೆಯನ್ನೋ ಕಂಡರೆ ತಿಳಿದಿರಲಿ. ಹಿಂದೆ 84 ಎಂಬ ಅಂಕಿ ಒತ್ತಿರುತ್ತದೆ. ತೊಂಬತ್ತಾರರಲ್ಲಿ 84 ಪಾಲು ಅಪ್ಪಟ ಬೆಳ್ಳಿ ಎಂದು ಅರ್ಥ, ಇಂದಿನ ಲೆಕ್ಕದಲ್ಲಿ 875. ಮಾಸ್ಕೋದ ಹಳೆಯ ಪಾತ್ರೆಯಾದರೆ ಘಟಸರ್ಪವನ್ನು ಇರಿಯುವ ಸಂತ ಜಾರ್ಜರ ಪುಟ್ಟ ಮುದ್ರೆ ಇರಬಹುದು. ಮುದ್ರೆಯನ್ನೊಂದೇ ನಂಬಬೇಡಿ, ನಕಲಿಗಳು ಧಾರಾಳವಾಗಿವೆ. ಉಗುರಿನಿಂದ ಸವರಿ ನೋಡಿ. ನಿಜವಾದ ನಿಯೆಲ್ಲೊ ಬೆಳ್ಳಿಯ ಮಟ್ಟಕ್ಕೇ ಇದ್ದು ನುಣುಪಾಗಿರುತ್ತದೆ, ಬಣ್ಣದಂತೆ ಮೇಲೆ ಎದ್ದಿರುವುದಿಲ್ಲ.

ಮನೆಗೆ ತಂದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಹಲ್ಲುಪುಡಿ ಬೇಡ. ಅಂಗಡಿಯಲ್ಲಿ ಸಿಗುವ, ಬೆಳ್ಳಿ ಅದ್ದಿ ತೆಗೆಯುವ ದ್ರಾವಣವಂತೂ ಬೇಡವೇ ಬೇಡ. ಗಂಧಕದ ಕಪ್ಪನ್ನು ಕರಗಿಸುವುದಷ್ಟೇ ಅದರ ಕೆಲಸ; ಅದರಲ್ಲಿ ಯಾವುದು ಕೊಳೆ, ಯಾವುದು ಚಿತ್ರ ಎಂದು ಅದಕ್ಕೆ ತಿಳಿಯುವುದಿಲ್ಲ.