ಬೆಂಕಿ ಬಿದ್ದ ಮೀನಿನಂಗಡಿಯೂ ನಮ್ಮ ಸಂಘವೂ

ನಮ್ಮ ಊರಿನ ಸಾಕುಮೀನಿನ ಅಂಗಡಿಗೆ ಬೆಂಕಿ ಬಿದ್ದ ವಿಷಯ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬಂದಿತ್ತು. ಆಮೇಲೆ ಸಮಿತಿಯಲ್ಲಿ ಅದರ ಮಾತು ಬಂದಾಗ ಎರಡು ಅಭಿಪ್ರಾಯಗಳು ಕೇಳಿಬಂದವು. “ಅವರೇನು ಕನ್ನಡಿಗರೇ? ಇನ್ಸೂರೆನ್ಸ್ ಕೊಡುತ್ತದೆ, ಕೌನ್ಸಿಲ್ ನೋಡಿಕೊಳ್ಳುತ್ತದೆ, ನಮಗೇಕೆ?” ಎಂಬುದು ಒಂದು. “ಐವತ್ತು ಪೌಂಡಿನ ಚೆಕ್ಕು ಕೊಟ್ಟು ಮುಗಿಸೋಣ” ಎಂಬುದು ಇನ್ನೊಂದು. ಎರಡೂ ಸಾಲದೆಂದು ನನ್ನ ಅಭಿಪ್ರಾಯ. ಸಂಪಾದಕರು ಉದಾರವಾಗಿ ಎರಡು ಪುಟ ಬಿಟ್ಟುಕೊಟ್ಟಿರುವುದರಿಂದ ಕಾರಣಗಳನ್ನು ಸದಸ್ಯರ ಮುಂದಿಡುತ್ತೇನೆ.

ಅಂಗಡಿ ದೊಡ್ಡದೇನಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುವುದು. ನಮ್ಮ ಶನಿವಾರದ ಕನ್ನಡ ತರಗತಿ ಮುಗಿದ ಮೇಲೆ ಮಕ್ಕಳು ಅಲ್ಲಿಗೆ ನುಗ್ಗುವುದು ತಂದೆತಾಯಿಗಳಿಗೆಲ್ಲ ಗೊತ್ತು. ಏನೂ ಕೊಳ್ಳದ ಮಕ್ಕಳನ್ನೂ ಅವರು ಒಂದು ದಿನ ಗದರಿಸಿ ಕಳಿಸಿದವರಲ್ಲ. ಹತ್ತು ಮೀನು ಕೇಳಿದ ಹುಡುಗನಿಗೆ “ನಿನ್ನ ತೊಟ್ಟಿ ಎಷ್ಟು ದೊಡ್ಡದು?” ಎಂದು ವಿಚಾರಿಸಿ ನಾಲ್ಕೇ ಮೀನು ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಬಂದ ಗಿರಾಕಿಗೆ ಕಡಿಮೆ ಮಾರುವ ವ್ಯಾಪಾರಿಯನ್ನು ತಾವು ಇನ್ನೆಲ್ಲಿ ಕಂಡಿದ್ದೀರಿ?

ಇನ್ನು ಕನ್ನಡಿಗರಿಗೂ ಮೀನಿನಂಗಡಿಗೂ ಏನು ಸಂಬಂಧ ಎನ್ನುವವರಿಗೆ ಒಂದು ಮಾತು. ಇಲ್ಲಿನ ಪ್ರತಿಯೊಂದು ಮೀನಿನಂಗಡಿಯಲ್ಲೂ ಸಿಗುವ ನೀಲಿ ಪಟ್ಟೆಯ ಜೀಬ್ರಾ ಮೀನು ನಮ್ಮ ದೇಶದ್ದೇ. 1822ರಲ್ಲಿ ಪ್ರಕಟವಾದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಅದನ್ನು ಮೊದಲು ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಕನ್ನಡ ಸೀಮೆಗಳನ್ನು ಸುತ್ತಿ ನಮ್ಮ ಬೆಳೆ, ಕೆರೆ, ಜಾತಿ, ಸುಂಕಗಳನ್ನೆಲ್ಲ ಬರೆದಿಟ್ಟ ಬುಕಾನನ್ ಸಾಹೇಬರೇ ಇವರು. ಹೆಸರು ಮಾತ್ರ ಆಮೇಲೆ ಬದಲಾಯಿತು. ಮೈಮೇಲೆ ಕೆಂಪು ಗೆರೆಯಿರುವ ಡೆನಿಸನ್ ಬಾರ್ಬ್ ಎಂಬ ಮೀನಂತೂ ಕೇರಳದ ಮತ್ತು ನಮ್ಮ ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳದು. ಇದೇ ಅಲಂಕಾರದ ಮೀನಿನ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದದ್ದರಿಂದ ಅದು ಅಳಿವಿನಂಚಿಗೆ ಬಂದಿದೆ ಎಂಬುದನ್ನೂ ಮರೆಮಾಚಬಾರದು. ನಮ್ಮ ಅಂಗಡಿಯವರು ಹೊಳೆಯಲ್ಲಿ ಹಿಡಿದದ್ದನ್ನು ಬಿಟ್ಟು ಸಾಕಿ ಬೆಳೆಸಿದ್ದನ್ನೇ ತರಿಸುತ್ತಿದ್ದರು, ಏಕೆಂದೂ ಮಕ್ಕಳಿಗೆ ಹೇಳುತ್ತಿದ್ದರು. ಘಟ್ಟದ ಹೊಳೆಯ ಬಗ್ಗೆ ನಮ್ಮ ಮಕ್ಕಳು ಇಂಗ್ಲಿಷ್ ಅಂಗಡಿಯವರಿಂದ ಕಲಿತರು! ಇದಕ್ಕಿಂತ ಸಂಬಂಧ ಬೇಕೇ?

ಈಗ ಬೆಂಕಿಯ ವಿಷಯ. ಹಿಂದಿನ ಉಗ್ರಾಣದಲ್ಲಿ ಹತ್ತಿದ ಬೆಂಕಿ ಮುಂದಿನ ಕೋಣೆಗೆ ಬರಲಿಲ್ಲ, ಗಾಜಿನ ತೊಟ್ಟಿಗಳಲ್ಲಿ ಹೆಚ್ಚಿನವು ಒಡೆಯಲಿಲ್ಲ. ಆದರೂ ಮೀನುಗಳು ಬಹುಪಾಲು ಸತ್ತವು. ನೀರಿನೊಳಗಿರುವ ಜೀವ ಬೆಂಕಿಗೆ ಹೇಗೆ ಸತ್ತಿತು ಎಂದು ಅನೇಕರು ಕೇಳಿದರು. ತೊಟ್ಟಿಯ ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಕೋಣೆಯಲ್ಲಿ ಹೊಗೆ ತುಂಬಿದರೆ ಹೊಗೆಯನ್ನೇ ಊದುತ್ತದೆ. ವಿದ್ಯುತ್ತು ಕಡಿದ ಮೇಲೆ ಪಂಪು ನಿಂತು ನೀರಿನಲ್ಲಿ ಪ್ರಾಣವಾಯು ಇಳಿಯುತ್ತದೆ. 25 ಡಿಗ್ರಿಯಲ್ಲಿ ಬದುಕುವ ಉಷ್ಣವಲಯದ ಮೀನಿಗೆ ಇಲ್ಲಿಯ ಚಳಿಗಾಲದ ರಾತ್ರಿಯಲ್ಲಿ ಹೀಟರ್ ಇಲ್ಲದಿದ್ದರೆ ಏನಾಗುತ್ತದೆಂದು ನಮ್ಮಂಥ ಉಷ್ಣವಲಯದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂಗಡಿ ಮತ್ತೆ ಬಾಗಿಲು ತೆರೆದಿದೆ. ಹೊಸ ಬಣ್ಣ, ಹೊಸ ವೈರಿಂಗು, ತೊಟ್ಟಿಗಳಲ್ಲಿ ತಿಳಿನೀರು. ಆದರೆ ಅರ್ಧಕ್ಕರ್ಧ ತೊಟ್ಟಿಗಳು ಖಾಲಿ. “ಪಾಪ, ಮೀನು ತರಿಸಲೂ ದುಡ್ಡಿಲ್ಲ, ಇನ್ನು ಮುಚ್ಚಿದಂತೆಯೇ” ಎಂದು ನಮ್ಮವರೇ ಹೇಳಿಕೊಂಡು ತಿರುಗುತ್ತಿದ್ದಾರೆ. ದಯವಿಟ್ಟು ಹಾಗೆನ್ನಬೇಡಿ. ತೊಟ್ಟಿ ಖಾಲಿ ಇರುವುದು ದುಡ್ಡಿಲ್ಲದ್ದಕ್ಕಲ್ಲ, ಬುದ್ಧಿಯಿರುವುದಕ್ಕೆ. ಮೀನು ಹೊರಬಿಡುವ ಅಮೋನಿಯ ಮೀನಿಗೇ ವಿಷ. ಫಿಲ್ಟರಿನಲ್ಲಿ ನೆಲೆಸಿರುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ; ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಕಣ್ಣಿಗೆ ಕಾಣದ ಸಂಸಾರ ಹೊಸ ತೊಟ್ಟಿಯಲ್ಲಿ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ತೊಟ್ಟಿ ತುಂಬ ಮೀನು ಬಿಟ್ಟರೆ ಬೆಂಕಿಯಲ್ಲಿ ಉಳಿದ ಮಾನ ನೀರಿನಲ್ಲಿ ಹೋಗುತ್ತದೆ.

ಇಲ್ಲಿಯೇ ನಮ್ಮಿಂದ ಆಗುವ ಸಹಾಯ ಒಂದಿದೆ, ಅದಕ್ಕೆ ಒಂದು ಪೆನ್ನಿಯೂ ಬೇಡ. ಊರಿನಲ್ಲಿ ಹೆಪ್ಪಿಗೆ ಮೊಸರಿಲ್ಲದಿದ್ದರೆ ನಮ್ಮ ಅಮ್ಮಂದಿರು ಏನು ಮಾಡುತ್ತಿದ್ದರು? ಪಕ್ಕದ ಮನೆಗೆ ಬಟ್ಟಲು ಕೊಟ್ಟು ಕಳಿಸುತ್ತಿದ್ದರು. ಇದೂ ಹಾಗೆಯೇ. ಹಳೆಯ, ಆರೋಗ್ಯವಾದ ತೊಟ್ಟಿಯ ಫಿಲ್ಟರಿನ ಸ್ಪಂಜಿನ ತುಂಡನ್ನು ಒಣಗಲು ಬಿಡದೆ ಹೊಸ ಫಿಲ್ಟರಿಗೆ ಸೇರಿಸಿದರೆ ಸೂಕ್ಷ್ಮಜೀವಿಗಳು ಬೇಗ ಹಬ್ಬುತ್ತವೆ. ನಮ್ಮ ಸಂಘದಲ್ಲೇ ಮೀನು ಸಾಕಿರುವ ಮನೆಗಳು ಆರೇಳು ಇವೆ. ಮೊದಲು ಅವರನ್ನು ಕೇಳಿ, ತೊಟ್ಟಿಯಲ್ಲಿ ರೋಗರುಜಿನ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೆಪ್ಪು ಕೊಡಬಹುದು.

ಇನ್ನು “ಇನ್ಸೂರೆನ್ಸ್ ಕೊಡುತ್ತದೆ” ಎಂಬ ಮಾತು. ಕೊಡುತ್ತದೆ, ಆದರೆ ಎಷ್ಟು? ಈ ದೇಶದ ವ್ಯಾಪಾರದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ. ನಿಮ್ಮ ಸರಕಿನ ನಿಜ ಬೆಲೆ 40,000 ಪೌಂಡು, ವಿಮೆ ಮಾಡಿಸಿರುವುದು 20,000ಕ್ಕೆ ಎಂದುಕೊಳ್ಳಿ. 10,000 ಪೌಂಡಿನ ನಷ್ಟವಾದರೆ ಪೂರ್ತಿ ಹತ್ತು ಸಾವಿರ ಸಿಗುವುದಿಲ್ಲ. ಅರ್ಧ ವಿಮೆಗೆ ಅರ್ಧ ಪರಿಹಾರ, ಐದೇ ಸಾವಿರ. ಬಾಗಿಲು ಮುಚ್ಚಿದ ತಿಂಗಳುಗಳ ಆದಾಯ ನಷ್ಟಕ್ಕೆ ಪಾಲಿಸಿಯಲ್ಲಿ ಪ್ರತ್ಯೇಕ ಏರ್ಪಾಡು ಇರಬೇಕು. ಅಂಗಡಿ ತೆರೆದ ಮೇಲೂ ಗಿರಾಕಿಗಳು ಹಿಂತಿರುಗಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂಬ ಲೆಕ್ಕವೂ ಅದರಲ್ಲಿ ಸೇರಿರಬೇಕು. ಕೌನ್ಸಿಲ್ ಕೂಡ ಲೈಸೆನ್ಸು ಕೊಡುತ್ತದೆಯೇ ಹೊರತು ನಷ್ಟ ತುಂಬಿಕೊಡುವುದಿಲ್ಲ. ಬೆಂಕಿ ಬಿದ್ದಾಗ ಪ್ರಾಣಿಗಳನ್ನು ಕಾಪಾಡುವ ಏರ್ಪಾಡು ಇರಬೇಕೆಂದು ಸಾಕುಪ್ರಾಣಿ ಅಂಗಡಿಗಳ 1951ರ ಕಾನೂನಿನಲ್ಲೇ ಇತ್ತು. ಇಂಗ್ಲೆಂಡಿನಲ್ಲಿ ಈಗ ಅದರ ಜಾಗದಲ್ಲಿ 2018ರ ನಿಯಮಗಳಿವೆ.

ಈ ಪಾಠ ನಮಗೂ ಅನ್ವಯಿಸುತ್ತದೆ. ಅಂಗಡಿ, ಹೋಟೆಲು, ಸರ್ಜರಿ ನಡೆಸುವ ಸದಸ್ಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರ್ 1ರಿಂದ ಎಷ್ಟೇ ಚಿಕ್ಕ ವ್ಯಾಪಾರವಾದರೂ ಬೆಂಕಿಯ ಅಪಾಯದ ಪರಿಶೀಲನೆಯನ್ನು ಪೂರ್ತಿ ಬರೆದಿಡುವುದು ಕಡ್ಡಾಯ. ಬರೆದಿಟ್ಟವರು ಎಷ್ಟು ಮಂದಿ? ಸರಕಿನ ಬೆಲೆ ಏರಿದಂತೆ ವಿಮೆಯ ಮೊತ್ತ ಏರಿಸಿದವರು ಎಷ್ಟು ಮಂದಿ? ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂದು ವೇದಿಕೆಯ ಮೇಲೆ ಹೇಳುವವರು ನಾವೇ. ಮನೆಯಲ್ಲಿ ಮೀನು ಸಾಕಿರುವವರೂ ಗಮನಿಸಿ. ನೀರು ಬದಲಿಸುವ ಮೊದಲು ಹೀಟರಿನ ಸ್ವಿಚ್ಚು ಆರಿಸಿ. ತೊಟ್ಟಿಯಿಂದ ಬರುವ ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ. ವೈರಿನಗುಂಟ ಇಳಿದ ನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

“ಸತ್ತದ್ದು ಮೀನು ತಾನೇ” ಎಂದು ಸಮಿತಿಯಲ್ಲಿ ಒಬ್ಬ ಹಿರಿಯರು ನಕ್ಕರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ದೇವರ ಮೀನುಗಳೆಂದು ಜನ ಅಕ್ಕಿ ಹಾಕಿ ಸಾಕಿದ ಹೊಳೆಗೆ 1996ರಲ್ಲಿ ದುಷ್ಟರು ವಿಷ ಬೆರೆಸಿದಾಗ ಸಾವಿರಾರು ಮೀನು ಸತ್ತವು. ಊರವರು ನಗಲಿಲ್ಲ. ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಆ ಸಂಸ್ಕಾರವನ್ನು ನಾವು ವಿಮಾನ ಹತ್ತುವಾಗ ಅಲ್ಲೇ ಬಿಟ್ಟು ಬಂದೆವೇ?

ಹಾಗಾದರೆ ಮಾಡಬೇಕಾದದ್ದೇನು? ಐವತ್ತು ಪೌಂಡಿನ ಚೆಕ್ಕು ಒಂದು ವಾರದ ಕರೆಂಟಿಗೂ ಸಾಲದು. ಸ್ವಾಭಿಮಾನಿಯಾದ ವ್ಯಾಪಾರಿಗೆ ಅದನ್ನು ತೆಗೆದುಕೊಳ್ಳುವುದೂ ಕಷ್ಟ. ಅದರ ಬದಲು ಈ ಮೂರು ಸಲಹೆಗಳು. ಮೀನು ಸಾಕಿರುವ ಸದಸ್ಯರು ಆಹಾರ, ಗಿಡ, ಔಷಧಗಳನ್ನು ಒಂದು ವರ್ಷ ಅಲ್ಲಿಂದಲೇ ಕೊಳ್ಳಲಿ. ಅಂತರ್ಜಾಲದಲ್ಲಿ ಒಂದು ಪೌಂಡು ಕಡಿಮೆಗೆ ಸಿಕ್ಕರೂ ಸರಿಯೇ. ಮಕ್ಕಳ ಸ್ಪರ್ಧೆಗಳ ಬಹುಮಾನಕ್ಕೆ ಈ ಸಲ ಪ್ಲಾಸ್ಟಿಕ್ ಕಪ್ಪುಗಳ ಬದಲು ಆ ಅಂಗಡಿಯ ಕೂಪನ್ನು ಕೊಡೋಣ. ಮೂರನೆಯದಾಗಿ, ತೊಟ್ಟಿಗಳು ತುಂಬಿದ ಮೇಲೆ ಅಂಗಡಿಯವರನ್ನು ನಮ್ಮ ತರಗತಿಗೆ ಕರೆದು ಗೌರವಧನ ಕೊಟ್ಟು ಮಕ್ಕಳಿಗೆ ಒಂದು ಪಾಠ ಹೇಳಿಸೋಣ. ದುಡಿಮೆಗೆ ಕೊಟ್ಟ ಹಣವನ್ನು ಯಾರೂ ತಲೆಯೆತ್ತಿಯೇ ತೆಗೆದುಕೊಳ್ಳುತ್ತಾರೆ.

ಸಂಘದ ಹಣ ಕನ್ನಡದ ಕೆಲಸಕ್ಕೇ ಮೀಸಲಾಗಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ಮೇಲಿನ ಮೂರರಲ್ಲಿ ಯಾವುದಕ್ಕೂ ಬಹುಮಾನ ಮತ್ತು ತರಗತಿಯ ಬಾಬತ್ತಿನಾಚೆ ಒಂದು ಪೆನ್ನಿ ಖರ್ಚಿಲ್ಲ. ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕಾರ್ಯದರ್ಶಿಗಳಲ್ಲಿ ಕೋರುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಆದರೆ ಬರೆಯುವ ಮೊದಲು ಒಂದು ಸಲ ಅಂಗಡಿಗೆ ಹೋಗಿ ಬನ್ನಿ, ಸೋಮವಾರ ರಜೆ.